ಓದುಗರ ಪ್ರಶ್ನೆ: ರಷ್ಯಾದ ಅನಧಿಕೃತ ಕಲೆಯಲ್ಲಿ ಮಹಿಳೆಯರು

ಪ್ರಶ್ನೆ: ಸೋವಿಯತ್ ಕಾಲದ ಅನಧಿಕೃತ ಕಲೆಯ ಬಗ್ಗೆ ಓದುವಾಗಲೆಲ್ಲ ಓಸ್ಕರ್ ರಾಬಿನ್, ಇಲ್ಯಾ ಕಬಕೋವ್ ಮುಂತಾದ ಪುರುಷರ ಹೆಸರುಗಳೇ ಎದುರಾಗುತ್ತವೆ. ಆ ಚಳವಳಿಯಲ್ಲಿ ಮಹಿಳೆಯರಿರಲಿಲ್ಲವೇ? ಕ್ರಾಂತಿಯ ಕಾಲದ ಪ್ರಸಿದ್ಧ ಕಲಾವಿದೆಯರಿಗೂ ಅವರಿಗೂ ಏನಾದರೂ ಸಂಬಂಧವಿತ್ತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಮಹಿಳೆಯರಿದ್ದರು. ಅವರಿಲ್ಲದೆ ಆ ಚಳವಳಿ ಉಳಿಯುತ್ತಲೇ ಇರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 1932ರಲ್ಲಿ ಕಮ್ಯುನಿಸ್ಟ್ ಪಕ್ಷವು ಸ್ವತಂತ್ರ ಕಲಾ ಬಳಗಗಳನ್ನೆಲ್ಲ ವಿಸರ್ಜಿಸಿದ ಮೇಲೆ ದುಡಿಯುವ ಜನರನ್ನೂ ಪಕ್ಷದ ಆದರ್ಶಗಳನ್ನೂ ನೈಜ ಶೈಲಿಯಲ್ಲಿ ವೈಭವೀಕರಿಸುವ ಸಮಾಜವಾದಿ ವಾಸ್ತವವಾದವೊಂದೇ ಸರ್ಕಾರ ಒಪ್ಪುವ ಮಾರ್ಗವಾಯಿತು. ಆ ಮಾರ್ಗವನ್ನು ಒಪ್ಪದವರಿಗೆ ಪ್ರದರ್ಶನಕ್ಕೆ ಸಭಾಂಗಣವೂ ಇಲ್ಲ, ಕೆಲಸ ಮಾಡಲು ಸ್ಟುಡಿಯೋವೂ ಇಲ್ಲ ಎಂಬಂತಾಗಿ, ಅವರ ಕಲೆ ವಾಸದ ಮನೆಗಳನ್ನೇ ಆಶ್ರಯಿಸಬೇಕಾಯಿತು.

ಮಾಸ್ಕೋದ ಹೊರವಲಯದ ಲಿಯಾನೊಜೊವೊ ಬಳಗವನ್ನೇ ನೋಡಿ. ಅಲ್ಲಿನ ಮರದ ಬ್ಯಾರಕ್ಕಿನ ಒಂದು ಕೋಣೆಯಲ್ಲಿ ರಾಬಿನ್ ದಂಪತಿ 1950ರ ದಶಕದ ಕೊನೆಯಿಂದ ಭಾನುವಾರಗಳಂದು ಚಿತ್ರಗಳನ್ನು ತೋರಿಸುತ್ತಿದ್ದರೆಂದು ಎಲ್ಲರೂ ಬರೆಯುತ್ತಾರೆ. ಆದರೆ ರಾಬಿನ್ನರ ಪತ್ನಿ ವಲೆಂಟೀನಾ ಕ್ರೊಪಿವ್ನಿತ್ಸ್ಕಯಾ, ಅರ್ಧ ಪ್ರಾಣಿ ಅರ್ಧ ಮನುಷ್ಯರಂತಿರುವ ಸೌಮ್ಯ ಜೀವಿಗಳ ಒಂದು ಲೋಕವನ್ನೇ ಪೆನ್ಸಿಲ್ಲಿನಲ್ಲಿ ಸೃಷ್ಟಿಸಿದ ಕಲಾವಿದೆಯೆಂಬುದನ್ನೂ, ಆಕೆಯ ತಾಯಿ ಓಲ್ಗಾ ಪೊತಾಪೊವಾ (1892–1971) ಸ್ವತಃ ಅಮೂರ್ತ ಚಿತ್ರಗಳನ್ನು ರಚಿಸುತ್ತಿದ್ದರೆಂಬುದನ್ನೂ ಹೇಳುವವರು ಕಡಿಮೆ.

ಇದೇ ಬಳಗದ ಲಿಡಿಯಾ ಮಾಸ್ಟರ್ಕೊವಾ (1927–2008) ಅವರನ್ನು ಆ ಪೀಳಿಗೆಯ ಅತ್ಯಂತ ಗಟ್ಟಿ ಚಿತ್ರಕಾರರಲ್ಲಿ ಒಬ್ಬರೆಂದು ನಾನು ಎಣಿಸುತ್ತೇನೆ. ಕಡುಗಪ್ಪು, ಕಂದು, ಬೂದು ಬಣ್ಣಗಳ ಕ್ಯಾನ್ವಾಸಿನ ಮೇಲೆ ಅವರು ಹಳೆಯ ಕಸೂತಿ ಜಾಲರಿಯನ್ನೂ, ಚರ್ಚಿನ ಪಾದ್ರಿಗಳು ತೊಡುತ್ತಿದ್ದ ಜರತಾರಿ ಬಟ್ಟೆಯ ತುಂಡುಗಳನ್ನೂ ಅಂಟಿಸುತ್ತಿದ್ದರು. ಧರ್ಮವನ್ನೂ ಅಮೂರ್ತ ಕಲೆಯನ್ನೂ ಒಟ್ಟಿಗೆ ಶಂಕಿಸುತ್ತಿದ್ದ ನಾಡಿನಲ್ಲಿ ಅದು ಎರಡು ಪಟ್ಟು ಧೈರ್ಯದ ಕೆಲಸ. 1974ರ ಸೆಪ್ಟೆಂಬರ್ 15ರಂದು ಮಾಸ್ಕೋದ ಬೆಲ್ಯಾಯೆವೊ ಬಡಾವಣೆಯ ಬಯಲಿನಲ್ಲಿ ಕಲಾವಿದರು ಏರ್ಪಡಿಸಿದ ಪ್ರದರ್ಶನವನ್ನು ಅಧಿಕಾರಿಗಳು ಬುಲ್ಡೋಜರ್ ಹಾಗೂ ನೀರಿನ ಲಾರಿಗಳನ್ನು ನುಗ್ಗಿಸಿ ಚೆದುರಿಸಿದಾಗ, ಮಾಸ್ಟರ್ಕೊವಾ ಮತ್ತು ನಾಡೆಜ್ದಾ ಎಲ್ಸ್ಕಯಾ ಇಬ್ಬರೂ ಅದರಲ್ಲಿ ಭಾಗವಹಿಸಿದವರಾಗಿದ್ದರು. ವಿದೇಶಿ ಪತ್ರಿಕೆಗಳಲ್ಲಿ ಗದ್ದಲವೆದ್ದುದರಿಂದ ಎರಡು ವಾರಗಳ ಬಳಿಕ ಇಜ್ಮೈಲೊವೊ ಉದ್ಯಾನದಲ್ಲಿ ಕೇವಲ ನಾಲ್ಕು ಗಂಟೆಗಳ ಪ್ರದರ್ಶನಕ್ಕೆ ಅನುಮತಿ ದೊರೆಯಿತು. ಮರುವರ್ಷವೇ ಮಾಸ್ಟರ್ಕೊವಾ ದೇಶ ಬಿಟ್ಟು ಫ್ರಾನ್ಸಿಗೆ ಹೋದರು.

ಕ್ರಾಂತಿಯ ಕಾಲದ ಲ್ಯುಬೊವ್ ಪೊಪೊವಾ, ಓಲ್ಗಾ ರೊಜಾನೊವಾ ಮುಂತಾದವರ ಪರಂಪರೆ ಇವರಿಗೆ ನೇರವಾಗಿ ದಕ್ಕಲಿಲ್ಲ, ಏಕೆಂದರೆ ಆ ಚಿತ್ರಗಳು ಉಗ್ರಾಣ ಸೇರಿದ್ದವು, ಇಲ್ಲವೇ ಸಂಬಂಧಿಕರ ಮನೆಗಳಲ್ಲಿ ಧೂಳು ತಿನ್ನುತ್ತಿದ್ದವು. ಅವನ್ನು ಹುಡುಕಿ ಸಂಗ್ರಹಿಸಿದ ಜಾರ್ಜ್ ಕೊಸ್ತಾಕಿಸ್, ಪೊಪೊವಾ ಅವರ ಬಂಧುಗಳ ಹಳ್ಳಿಮನೆಯಲ್ಲಿ ಆಕೆಯ ಚಿತ್ರವಿದ್ದ ಪ್ಲೈವುಡ್ ಹಲಗೆಯನ್ನು ಕಿಟಕಿಗೆ ಹೊಡೆದಿದ್ದುದನ್ನು ಕಂಡರು. ತೆಗೆದರೆ ಮಳೆನೀರು ಒಳಗೆ ಬರುತ್ತದೆಂದು ಮನೆಯವರು ಒಪ್ಪದಿದ್ದಾಗ, ಅದೇ ಅಳತೆಯ ಬೇರೊಂದು ಹಲಗೆಯನ್ನು ತಂದುಕೊಟ್ಟು ಚಿತ್ರವನ್ನು ಪಡೆದರು. ಕೊಸ್ತಾಕಿಸ್ ಅವರ ಮಾಸ್ಕೋ ಫ್ಲ್ಯಾಟಿಗೆ ಬಂದುಹೋಗುತ್ತಿದ್ದ ಎಳೆಯ ಕಲಾವಿದರು ಇಂಥ ಚಿತ್ರಗಳನ್ನು ಕಣ್ಣಾರೆ ಕಂಡರು. ಎರಡು ಪೀಳಿಗೆಗಳ ನಡುವೆ ಕಡಿದುಹೋಗಿದ್ದ ಎಳೆ ಮತ್ತೆ ಸೇರಿದ್ದು ಬಹುಮಟ್ಟಿಗೆ ಅಲ್ಲಿಯೇ.

ಮುಂದಿನ ಪೀಳಿಗೆಯ ಐರೀನಾ ನಾಖೊವಾ (ಜನನ 1955) ಮನೆಯನ್ನೇ ಕೃತಿಯಾಗಿಸಿದರು. 1983ರಲ್ಲಿ ಆರಂಭವಾದ ‘ಕೋಣೆಗಳು’ ಸರಣಿಗಾಗಿ ಅವರು ತಮ್ಮ ಫ್ಲ್ಯಾಟಿನ ಒಂದು ಕೋಣೆಯಿಂದ ಸಾಮಾನುಗಳನ್ನೆಲ್ಲ ಹೊರಗಿಟ್ಟು, ಗೋಡೆ, ಚಾವಣಿ, ನೆಲಕ್ಕೆಲ್ಲ ಕಾಗದ ಹೊದಿಸಿ, ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಅಂಟಿಸಿ, ಗೆಳೆಯರನ್ನು ಒಳಗೆ ಕರೆದರು. ಪ್ರೇಕ್ಷಕನು ಕೃತಿಯ ಎದುರಿಗಲ್ಲ, ಅದರೊಳಗೇ ನಿಲ್ಲಬೇಕಾಗಿತ್ತು. ಇಂಥ ಕೃತಿಗಳಿಂದಲೇ ಕಬಕೋವ್ ಮುಂದೆ ಜಗತ್ಪ್ರಸಿದ್ಧರಾದರು. ಮಾಸ್ಕೋದಲ್ಲಿ ಆ ದಾರಿಯನ್ನು ಮೊದಲು ತುಳಿದವರಲ್ಲಿ ನಾಖೊವಾ ಒಬ್ಬರು ಎಂಬುದನ್ನು ಒತ್ತಿಹೇಳಲೇಬೇಕು. 2015ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ರಷ್ಯಾದ ಮಂಟಪವನ್ನು ಒಂಟಿಯಾಗಿ ಪ್ರತಿನಿಧಿಸಿದ ಮೊದಲ ಮಹಿಳೆಯೂ ಅವರೇ.

ಪ್ರಶ್ನೆ: ಈ ಕಲಾವಿದೆಯರು ಸ್ತ್ರೀವಾದಿಗಳಾಗಿದ್ದರೇ? ಇಂದಿನ ಪೀಳಿಗೆಯಲ್ಲಿ ಇಂಥವರಿದ್ದಾರೆಯೇ?
– ಕಲಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಹೆಚ್ಚಿನವರು ತಮ್ಮನ್ನು ಹಾಗೆ ಕರೆದುಕೊಳ್ಳಲಿಲ್ಲ. ಸಮಾನತೆ ಬಂದಾಗಿದೆ ಎಂದು ಪ್ರಭುತ್ವವೇ ಸಾರುತ್ತಿದ್ದ ದೇಶದಲ್ಲಿ ಆ ಮಾತಿಗೆ ಬೆಲೆ ಇಳಿದಿತ್ತು. ಆದರೂ 1979ರಲ್ಲಿ ಲೆನಿನ್‌ಗ್ರಾಡಿನಲ್ಲಿ ಕಲಾವಿದೆಯೂ ಆಗಿದ್ದ ತತ್ಯಾನಾ ಮಾಮೊನೊವಾ ಮತ್ತು ಸಂಗಾತಿಗಳು ‘ಮಹಿಳೆ ಮತ್ತು ರಷ್ಯಾ’ ಎಂಬ ಸಂಕಲನವನ್ನು ಗುಟ್ಟಾಗಿ ಹಂಚಿದರು. ಮರುವರ್ಷವೇ ಅವರನ್ನು ದೇಶದಿಂದ ಹೊರಗಟ್ಟಲಾಯಿತು.

ಇಂದಿನ ಕಲೆ ಬೀದಿಗಿಳಿದಿದೆ. ಸೇಂಟ್ ಪೀಟರ್ಸ್‌ಬರ್ಗಿನ ಎಲೆನಾ ಒಸಿಪೊವಾ ವೃದ್ಧಾಪ್ಯದಲ್ಲಿಯೂ ಕೈಯಾರೆ ಬರೆದ ಯುದ್ಧವಿರೋಧಿ ಫಲಕಗಳನ್ನು ಹಿಡಿದು ಬೀದಿಯಲ್ಲಿ ನಿಂತಿದ್ದಾರೆ. ಅದೇ ನಗರದ ಸಾಶಾ ಸ್ಕೊಚಿಲೆಂಕೊ 2022ರಲ್ಲಿ ಸೂಪರ್‌ಮಾರ್ಕೆಟ್ಟಿನ ಬೆಲೆಚೀಟಿಗಳ ಜಾಗದಲ್ಲಿ ಯುಕ್ರೇನ್ ಯುದ್ಧದ ಕುರಿತ ಸಾಲುಗಳನ್ನು ಅಚ್ಚುಹಾಕಿದ ಚೀಟಿಗಳನ್ನಿಟ್ಟರು. ಅದಕ್ಕೆ ಏಳು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. 2024ರ ಆಗಸ್ಟಿನ ಕೈದಿ ವಿನಿಮಯದಲ್ಲಿ ಬಿಡುಗಡೆಯಾಗಿ ಅವರು ವಿದೇಶ ಸೇರಿದರು.

ಪ್ರಶ್ನೆ: ಈ ಕೃತಿಗಳನ್ನು ಎಲ್ಲಿ ನೋಡಬಹುದು?
– ಎಡಿಸನ್, ನ್ಯೂಜೆರ್ಸಿಯಿಂದ ಕನ್ನಡ ಓದುಗರು

ಉತ್ತರ: ತಮ್ಮ ಊರಿನ ಪಕ್ಕದಲ್ಲೇ. ನ್ಯೂ ಬ್ರನ್ಸ್‌ವಿಕ್‌ನಲ್ಲಿರುವ ರಟ್ಗರ್ಸ್ ವಿಶ್ವವಿದ್ಯಾಲಯದ ಜಿಮರ್ಲಿ ವಸ್ತುಸಂಗ್ರಹಾಲಯದಲ್ಲಿ, ಅರ್ಥಶಾಸ್ತ್ರಜ್ಞ ನಾರ್ಟನ್ ಡಾಡ್ಜ್ ದಶಕಗಳ ಕಾಲ ಕೂಡಿಸಿದ ಸೋವಿಯತ್ ಅನಧಿಕೃತ ಕಲೆಯ ಭಾರೀ ಸಂಗ್ರಹವಿದೆ. ಮಾಸ್ಟರ್ಕೊವಾ ಮತ್ತು ನಾಖೊವಾ ಇಬ್ಬರ ಕೃತಿಗಳೂ ಆ ಸಂಗ್ರಹದಲ್ಲಿವೆ. ಪ್ರದರ್ಶನಗಳು ಬದಲಾಗುತ್ತಿರುವುದರಿಂದ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.