ಕೌಂಟಿ ಗಾಲ್ಫ್ ಫಲಿತಾಂಶದಲ್ಲಿ "4 ಮತ್ತು 3" ಎಂದರೇನು?

ಇಂಗ್ಲೆಂಡಿನ ಹಿರಿಯ ಮಹಿಳೆಯರ ಕೌಂಟಿ (ಜಿಲ್ಲೆಯಂಥ ಪ್ರದೇಶ) ತಂಡಗಳ ಪಂದ್ಯಗಳ ಫಲಿತಾಂಶದಲ್ಲಿ "4 ಮತ್ತು 3" ಎಂದಿದ್ದರೆ, ಗೆದ್ದವರು ಎದುರಾಳಿಗಿಂತ 4 ಕುಳಿಗಳಿಂದ (ಚೆಂಡು ಬೀಳಿಸಬೇಕಾದ ಗುಂಡಿಗಳಿಂದ) ಮುಂದಿದ್ದಾಗ ಆಡಲು ಉಳಿದಿದ್ದದ್ದು 3 ಮಾತ್ರ ಎಂದರ್ಥ. ಆ ಮೂರನ್ನೂ ಎದುರಾಳಿ ಗೆದ್ದರೂ ಸರಿಗಟ್ಟಲಾಗದು. ಹಾಗಾಗಿ 18 ಕುಳಿಗಳ ಆಟ 15ನೆಯದರಲ್ಲೇ ಕೈಕುಲುಕಿ ಮುಗಿಯುತ್ತದೆ.

ಟಿವಿಯಲ್ಲಿ ಹೆಚ್ಚಾಗಿ ಕಾಣುವ ಗಾಲ್ಫ್‌ನಲ್ಲಿ ಒಟ್ಟು ಹೊಡೆತಗಳನ್ನು ಎಣಿಸುತ್ತಾರೆ. ಕೌಂಟಿ ಪಂದ್ಯಗಳದ್ದು ಮ್ಯಾಚ್ ಪ್ಲೇ ಎಂಬ ಬೇರೆ ಬಗೆ. ಇಲ್ಲಿ ಪ್ರತಿ ಕುಳಿಯೂ ಒಂದು ಪುಟ್ಟ ಪಂದ್ಯ. ಒಬ್ಬಾಕೆಯ ಚೆಂಡು ಮರಳುಗುಂಡಿಗೆ ಬಿದ್ದು, ಮೂರು ಸಲ ಮರಳೆರಚಿದರೂ ಹೊರಬಾರದೆ, ಕೊನೆಗೆ 9 ಹೊಡೆತವಾಯಿತು ಎನ್ನಿ. ಎದುರಾಳಿ 4ರಲ್ಲಿ ಮುಗಿಸಿದ್ದಾಳೆ. ಹೊಡೆತಗಳ ಲೆಕ್ಕದಲ್ಲಾದರೆ ಆ 5ರ ಹಿನ್ನಡೆ ಇಡೀ ದಿನ ಬೆನ್ನು ಬಿಡದು. ಇಲ್ಲಿ ಕಳೆದುಕೊಂಡದ್ದು ಒಂದೇ ಕುಳಿ, ಮುಂದಿನದು ಹೊಸ ಆಟ. ನನಗಂತೂ ಇದೇ ಹೆಚ್ಚು ಸ್ವಾರಸ್ಯ.

ತಂಡಕ್ಕೆ ಸಾಮಾನ್ಯವಾಗಿ ಪ್ರತಿ ಗೆಲುವಿಗೆ ಒಂದು ಅಂಕ, ಸಮವಾದರೆ ಅರ್ಧ. "8 ಮತ್ತು 7"ರ ಭಾರೀ ಗೆಲುವಿಗೂ, ಕೊನೆಯ ಕುಳಿಯವರೆಗೆ ಏದುಸಿರು ಬಿಟ್ಟು ಗೆದ್ದದ್ದಕ್ಕೂ ಬೆಲೆ ಅಷ್ಟೇ. ಅಂದಹಾಗೆ, "ಹಿರಿಯ" ಎಂದರೆ ಇಲ್ಲಿ 50 ತುಂಬಿದವರು.