ಎರಡು ಚಾರ್ಟ್‌ನಲ್ಲಿ ಎರಡು ಇಸವಿ ಬಂದಿದ್ದಕ್ಕೆ

ಮಕ್ಕಳು ಮಾಡಿದ ರಾಜ್ಯೋತ್ಸವ ಪ್ರದರ್ಶನದ ಚಾರ್ಟ್‌ಗಳಲ್ಲಿ ಇಸವಿ ಬೇರೆ ಬೇರೆ ಇದೆ, ರಾಜವಂಶಗಳ ಉದ್ದ ಪಟ್ಟಿಯೂ ಇದೆ, ನೋಡೋಕೆ ಬಂದವರು ನಿಲ್ಲೋದಿಲ್ಲ, ಏನು ಮಾಡೋದು ಅಂತ ಕೇಳಿದ್ದಿರಿ. ಒಂದು ಚಾರ್ಟ್‌ನಲ್ಲಿ 1956, ಇನ್ನೊಂದರಲ್ಲಿ 1973 ಇರೋದು ಮಕ್ಕಳ ತಪ್ಪಲ್ಲ. ಏಕೀಕರಣ, ನಾಮಕರಣ ಎರಡೂ ನವೆಂಬರ್ 1ಕ್ಕೇ ಬಿದ್ದಿದ್ದರಿಂದ ಆದ ಗೊಂದಲ. 1956ರಲ್ಲಿ ಹಳೇ ಮೈಸೂರಿಗೆ ಮುಂಬಯಿ, ಹೈದರಾಬಾದ್, ಮದ್ರಾಸ್ ರಾಜ್ಯಗಳ ಕನ್ನಡ ಭಾಗಗಳೂ ಕೊಡಗೂ ಸೇರಿದವು. ಹೆಸರು ಮೈಸೂರು ರಾಜ್ಯ ಅಂತಲೇ ಉಳಿಯಿತು. ಕರ್ನಾಟಕ ಆಗಿದ್ದು 1973ರಲ್ಲಿ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ.

ಮೊದಲು ಆ ಎರಡನ್ನೂ ಅಕ್ಕಪಕ್ಕ ತೂಗುಹಾಕಿ, ಮೇಲೆ 'ಕೂಡಿದ್ದು', 'ಹೆಸರಾದದ್ದು' ಅಂತ ಬರೆಸಿ. 1956ರ ನಕ್ಷೆಯಲ್ಲಿ 'ಕರ್ನಾಟಕ' ಅಂತಿದ್ದರೆ ಚೀಟಿ ಅಂಟಿಸಿ 'ಮೈಸೂರು' ಮಾಡಿ.

ಆಮೇಲೆ, ನೋಡೋಕೆ ಬಂದವರು ನಿಲ್ಲದೇ ಹೋಗ್ತಾರೆ ಅಂದಿರಲ್ಲ, ರಾಜವಂಶಗಳ ಆ ಉದ್ದ ಪಟ್ಟಿಯೇ ಕಾರಣ ಇರಬೇಕು. ಫೋಟೊ ನೋಡಿಲ್ಲ, ಊಹೆ ಅಷ್ಟೆ. ಪಟ್ಟಿ ತೆಗೆದು ಮೇಜಿನ ಮೇಲೆ ಕಲ್ಲು ಇಡಿ. ಬಾದಾಮಿಯ ಚಾಲುಕ್ಯರಿಗೆ ಸಿಕ್ಕಿದ್ದು ಕೆಂಪು ಮರಳುಗಲ್ಲು, ಹಂಪಿಯವರಿಗೆ ಗ್ರಾನೈಟ್ ಬಂಡೆ, ಬೇಲೂರು-ಹಳೇಬೀಡಿನ ಹೊಯ್ಸಳರಿಗೆ ಬಳಪದ ಕಲ್ಲು. ಬಳಪದ ಕಲ್ಲನ್ನು ಮೊಳೆಯಿಂದ ಗೀರಲು ಬಿಡಿ, ಬೆಳ್ಳಗೆ ಪುಡಿ ಉದುರುತ್ತೆ. ಗ್ರಾನೈಟ್ ಮೇಲೆ ಮೊಳೆಯೇ ಸವೆಯುತ್ತೆ. ಬೇಲೂರಿನ ಮದನಿಕೆಯರ ಒಡವೆಯಲ್ಲಿ ಅಷ್ಟು ಕುಸುರಿ ಹೇಗೆ ಬಂತು ಅಂತ ಬೇರೆ ವಿವರಿಸಬೇಕಾಗಿಲ್ಲ.

ಗ್ರಾನೈಟ್ ಚೂರು ಕಲ್ಲು ಕುಯ್ಯುವ ಅಂಗಡಿಯಲ್ಲಿ ಸಿಗುತ್ತೆ. ಬಳಪದ ಕಲ್ಲು ಸಿಗದಿದ್ದರೆ ಸ್ಲೇಟಿಗೆ ಬರೆಯೋ ಕಲ್ಲುಬಳಪವೇ ಸಾಕು. ಸ್ಮಾರಕಗಳ ಆವರಣದಿಂದ ಮಾತ್ರ ಒಂದು ಚೂರೂ ಎತ್ತಬೇಡಿ.