ಕವಿತೆಯಿಂದ ಮನಸ್ಸು ನಿಲ್ಲುತ್ತದೆಯೇ?

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಧ್ಯಾನಕ್ಕೆ ಕೂತರೆ ಆಫೀಸಿನ ಮಾತೇ ತಲೆ ತುಂಬುತ್ತದೆ, ಬದಲಿಗೆ ಕವಿತೆಯನ್ನೇ ಸಾಧನೆ ಮಾಡಿಕೊಳ್ಳಬಹುದೇ, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಖಂಡಿತ ಮಾಡಿಕೊಳ್ಳಬಹುದು. ನನಗೆ ಅದೇ ಸಾಧನೆ. ಆದರೆ ಕಣ್ಣಲ್ಲಿ ಓದಿದರೆ ಸಾಲದು. ಬಾಯಿಪಾಠ ಮಾಡಿ, ಬಾಯಿಬಿಟ್ಟು ಹೇಳಬೇಕು. ಅದೂ ಒಂದನ್ನೇ, ಬಹಳ ದಿನ.

ಅಲ್ಲಮಪ್ರಭುವಿನ ಈ ವಚನದಿಂದ ಶುರು ಮಾಡಿ. ಶಾಲೆಯಲ್ಲಿ ಕೇಳಿಯೇ ಇರುತ್ತೀರಿ:

ಎತ್ತಣ ಮಾಮರ, ಎತ್ತಣ ಕೋಗಿಲೆ!
ಎತ್ತಣಿಂದೆತ್ತ ಸಂಬಂಧವಯ್ಯಾ?
ಬೆಟ್ಟದ ನೆಲ್ಲಿಯ ಕಾಯಿ, ಸಮುದ್ರದೊಳಗಣ ಉಪ್ಪು,
ಎತ್ತಣಿಂದೆತ್ತ ಸಂಬಂಧವಯ್ಯಾ?
ಗುಹೇಶ್ವರಲಿಂಗಕ್ಕೆಯೂ ಎನಗೆಯೂ
ಎತ್ತಣಿಂದೆತ್ತ ಸಂಬಂಧವಯ್ಯಾ?

ನಿಧಾನವಾಗಿ ಹೇಳಿ ನೋಡಿ. ಮಾಮರ ಇದ್ದಲ್ಲೇ ಇರುವಂಥದ್ದು, ಕೋಗಿಲೆ ಎಲ್ಲಿಂದಲೋ ಹಾರಿ ಬರುವಂಥದ್ದು. ವಸಂತದಲ್ಲಿ ಎರಡೂ ಕೂಡುತ್ತವೆ. ಬೆಟ್ಟದ ನೆಲ್ಲಿ, ಕಡಲಿನ ಉಪ್ಪು ಉಪ್ಪಿನಕಾಯಿ ಭರಣಿಯಲ್ಲಿ ಕೂಡುತ್ತವೆ. ಅಲ್ಲಮ ಉತ್ತರ ಹೇಳದಿದ್ದರೂ ಈ ಎರಡಕ್ಕೆ ಉತ್ತರ ನಮಗೆ ಗೊತ್ತು. ಆ ಧೈರ್ಯದಲ್ಲೇ ಮನಸ್ಸು ಮೂರನೆಯದಕ್ಕೂ ಮುಂದಾಗುತ್ತದೆ. ಅಲ್ಲಿ ಮರವೂ ಇಲ್ಲ, ಭರಣಿಯೂ ಇಲ್ಲ. ಹಿಡಿಯಲು ಏನೂ ಸಿಗದೆ ಅದು ಒಂದು ಗಳಿಗೆ ಸುಮ್ಮನಾಗುತ್ತದೆ. ನೀವು ಕೇಳುತ್ತಿರುವುದು ಆ ಗಳಿಗೆಯನ್ನೇ. ಅಲ್ಲಿ ಉತ್ತರಕ್ಕೆ ತಡಕಾಡಬೇಡಿ, ವ್ಯಾಖ್ಯಾನದ ಪುಸ್ತಕ ತೆರೆಯಬೇಡಿ. ಉಸಿರು ತೆಗೆದುಕೊಂಡು ಮತ್ತೆ ಮೊದಲಿನಿಂದ ಹೇಳಿ.

ಉಸಿರಿಗೂ ಇದರಲ್ಲಿ ದೊಡ್ಡ ಪಾಲಿದೆ. ಸಾಲು ಹೇಳುವಷ್ಟು ಹೊತ್ತೂ ಉಸಿರು ಹೊರಗೆ ಹೋಗುತ್ತಿರುತ್ತದೆ, ಸಾಲಿನ ಕೊನೆಯಲ್ಲಿ ಮಾತ್ರ ಒಳಗೆ ಬರುತ್ತದೆ. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆ, ‘ಓಂ ಮಣಿ ಪದ್ಮೇ ಹೂಂ’ ಮಂತ್ರ, ಎರಡನ್ನೂ ಹೇಳಿಸಿ ನೋಡಿದ ಅಧ್ಯಯನವೊಂದು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಹೇಳುವವರ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಅದು ವಚನದ ಮೇಲೆ ಮಾಡಿದ್ದಲ್ಲ, ನಿಜ. ಆದರೆ ನಿಧಾನವಾಗಿ ಹೇಳಿದಾಗ ಉಸಿರು ತಾನಾಗಿ ಇಳಿಯುವುದು ನಿಮಗೇ ಗೊತ್ತಾಗುತ್ತದೆ.

ಈ ಊರಿನಲ್ಲಿ ಯಾರನ್ನು ಕೇಳಿದರೂ ಮೊದಲು ‘ಮಂಕುತಿಮ್ಮನ ಕಗ್ಗ’ ಓದಿ ಎನ್ನುತ್ತಾರೆ. ಬಸವನಗುಡಿಯ ಡಿವಿಜಿಯವರ ಆ ಪುಸ್ತಕ 1943ರಲ್ಲಿ ಬಂದಾಗಿನಿಂದ ಎಷ್ಟೋ ಮನೆಗಳಿಗೆ ಆಸರೆಯಾಗಿದೆ, ನನಗೂ ಪ್ರಾಣ. ಆದರೂ ಮನಸ್ಸು ನಿಲ್ಲಿಸಲು ಅದು ಮೊದಲ ಮೆಟ್ಟಿಲಲ್ಲ ಅಂತ ನನ್ನ ಅಭಿಪ್ರಾಯ. ಕಗ್ಗ ಬುದ್ಧಿ ಹೇಳುತ್ತದೆ. ಹೌದಲ್ಲ, ನನ್ನ ಬದುಕಿಗೂ ಇದು ಸರಿ ಎಂದು ನಾವು ಮತ್ತೆ ಲೆಕ್ಕಾಚಾರಕ್ಕೆ ಇಳಿಯುತ್ತೇವೆ. ಅದನ್ನು ಆಮೇಲೆ ಓದಿ.

ಕೆಲಸದ ನಡುವೆ ಇದೆಲ್ಲ ಆಗುವುದೇ ಎಂಬ ಅನುಮಾನ ಬೇಡ. ವಚನಕಾರರಲ್ಲಿ ನುಲಿಯ ಚಂದಯ್ಯ ಹಗ್ಗ ಹೊಸೆಯುತ್ತಿದ್ದವರು, ಮಡಿವಾಳ ಮಾಚಿದೇವ ಬಟ್ಟೆ ಒಗೆಯುತ್ತಿದ್ದವರು, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದವರು. ಕಾಯಕ ಬಿಟ್ಟು ಕಾಡಿಗೆ ಹೋಗಿ ಕೂತವರಲ್ಲ ಇವರು. ನೀವೂ ಬೆಳಿಗ್ಗೆ ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಿ, ಮೆಟ್ರೋದಲ್ಲಿ ನಿಂತಾಗ ತುಟಿಯೊಳಗೇ ಹೇಳಿಕೊಳ್ಳಿ.

ಒಬ್ಬರೇ ಹೇಳಿಕೊಳ್ಳಲು ಸಂಕೋಚವೆನಿಸಿದರೆ ಬಸವನಗುಡಿ, ಮಲ್ಲೇಶ್ವರದ ಕಡೆ ಗಮಕ ವಾಚನ ಇದ್ದಾಗ ಹೋಗಿ ಕುಳಿತುಕೊಳ್ಳಿ. ಒಬ್ಬರು ರಾಗದಲ್ಲಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆ ಕಿವಿಗೆ ಬಿದ್ದರೆ, ಸಾಲನ್ನು ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದು ತಾನಾಗಿ ಬರುತ್ತದೆ.

ಕೆಲವು ದಿನಕ್ಕೆ ಬೇಸರ ಬರುತ್ತದೆ, ಮಾತು ಸವೆದುಹೋಯಿತು ಅನ್ನಿಸುತ್ತದೆ. ಆಗ ಬೇರೆ ವಚನಕ್ಕೆ ಹಾರಬೇಡಿ, ಇದನ್ನೇ ಇನ್ನೂ ನಿಧಾನವಾಗಿ ಹೇಳಿ.